ಓದಿನಲ್ಲಿ ನಿಧಾನವಾದ ಮಗ: ಕ್ಯಾನ್ಸರ್ ಚಿಕಿತ್ಸೆ ಕಾರಣವಿರಬಹುದೇ?

ಪ್ರಶ್ನೆ: ನನ್ನ ಮಗನಿಗೆ 4 ವರ್ಷವಿದ್ದಾಗ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಂದಿತ್ತು. ಎರಡೂವರೆ ವರ್ಷ ಕೀಮೋಥೆರಪಿ ನಡೆಯಿತು, ಬೆನ್ನಿಗೂ ಹಲವು ಸಲ ಇಂಜೆಕ್ಷನ್ ಕೊಟ್ಟರು. ತಲೆಗೆ ರೇಡಿಯೇಷನ್ ಕೊಡಲಿಲ್ಲ. ಈಗ ಅವನಿಗೆ 11 ವರ್ಷ, ಕಾಯಿಲೆ ಪೂರ್ತಿ ವಾಸಿಯಾಗಿದೆ ಎಂದು ವೈದ್ಯರು ಹೇಳಿದ್ದಾರೆ. ಮೊದಲ ಮೂರು ತರಗತಿಗಳಲ್ಲಿ ಚೆನ್ನಾಗಿಯೇ ಓದುತ್ತಿದ್ದವನು ಕಳೆದ ಎರಡು ವರ್ಷಗಳಿಂದ ಹಿಂದೆ ಬೀಳುತ್ತಿದ್ದಾನೆ. ಬೋರ್ಡಿನ ಮೇಲಿರುವುದನ್ನು ಬರೆದುಕೊಂಡು ಮುಗಿಸುವುದಿಲ್ಲ, ಮೂರು ಕೆಲಸ ಹೇಳಿದರೆ ಒಂದನ್ನು ಮಾಡಿ ನಿಂತುಬಿಡುತ್ತಾನೆ, ಮನೆಯಲ್ಲಿ ಸರಿಯಾಗಿ ಹೇಳಿದ ಉತ್ತರವನ್ನು ಪರೀಕ್ಷೆಯಲ್ಲಿ ಬರೆಯದೆ ಬರುತ್ತಾನೆ. ಟೀಚರ್ ಸೋಮಾರಿ ಎನ್ನುತ್ತಾರೆ. ಇದು ಚಿಕಿತ್ಸೆಯಿಂದ ಆದದ್ದೇ? ಮುಂದೆ ಇನ್ನೂ ಹೆಚ್ಚಾಗುತ್ತದೆಯೇ? ನಾವು ಏನು ಮಾಡಬೇಕು?

ಉತ್ತರ: ಮೊದಲು ಆ ಸೋಮಾರಿ ಎಂಬ ಮಾತನ್ನು ಪಕ್ಕಕ್ಕಿಡೋಣ. ನೀವು ಬರೆದಿರುವ ಮೂರು ಲಕ್ಷಣಗಳನ್ನು ಲುಕೇಮಿಯಾದಿಂದ ಗುಣಮುಖರಾದ ಮಕ್ಕಳ ತಾಯಂದಿರಿಂದ ನಾನು ಎಷ್ಟೋ ಸಲ ಕೇಳಿದ್ದೇನೆ, ಬಹುಮಟ್ಟಿಗೆ ಇದೇ ಶಬ್ದಗಳಲ್ಲಿ. ಈ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಒಂದು ಪಾಲಿನವರಿಗೆ ಗಮನ ನಿಲ್ಲಿಸುವುದು, ವಿಷಯವನ್ನು ಕ್ಷಣಕಾಲ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಮತ್ತು ವೇಗವಾಗಿ ಯೋಚಿಸಿ ಮುಗಿಸುವುದು ಕಷ್ಟವಾಗುತ್ತದೆ ಎಂಬುದು ದಶಕಗಳ ಅಧ್ಯಯನದಿಂದ ಸ್ಪಷ್ಟವಾಗಿದೆ. ಆದ್ದರಿಂದ ನಿಮ್ಮ ಸಂಶಯಕ್ಕೆ ಆಧಾರವಿದೆ. ಆದರೆ ಪತ್ರ ಓದಿ ಚಿಕಿತ್ಸೆಯೇ ಕಾರಣ ಎಂದು ನಾನು ತೀರ್ಪು ಕೊಡಲಾರೆ, ಏಕೆಂದರೆ ಇಂಥದೇ ಲಕ್ಷಣಗಳನ್ನು ತೋರುವ, ಸುಲಭವಾಗಿ ಸರಿಪಡಿಸಬಹುದಾದ ಬೇರೆ ಕಾರಣಗಳೂ ಇವೆ. ಅವುಗಳ ಮಾತು ಮುಂದೆ ಬರುತ್ತದೆ.

ಇಂಥ ಮಗುವನ್ನು ಪರೀಕ್ಷಿಸುವಾಗ ಏನು ಕಾಣುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಒಂದು ಪರೀಕ್ಷೆಯಲ್ಲಿ ಹಾಳೆಯ ಮೇಲ್ತುದಿಯಲ್ಲಿ ಒಂದೊಂದು ಅಂಕಿಗೂ ಒಂದೊಂದು ಚಿಹ್ನೆ ಕೊಟ್ಟಿರುತ್ತಾರೆ. ಕೆಳಗೆ ಸಾಲು ಸಾಲಾಗಿ ಅಂಕಿಗಳಿರುತ್ತವೆ, ಎರಡು ನಿಮಿಷದಲ್ಲಿ ಎಷ್ಟಾಗುತ್ತದೋ ಅಷ್ಟು ಚಿಹ್ನೆಗಳನ್ನು ತುಂಬಬೇಕು. ಓರಗೆಯ ಮಕ್ಕಳು ನಾಲ್ಕೈದು ಚಿಹ್ನೆ ಬರೆಯುವಷ್ಟರಲ್ಲಿ ಜೋಡಿಗಳು ಮನಸ್ಸಿನಲ್ಲಿ ಕೂತು, ಮೇಲೆ ನೋಡುವುದನ್ನು ಕಡಿಮೆ ಮಾಡುತ್ತಾರೆ. ನಾನು ಕಂಡ ಒಬ್ಬ ಹುಡುಗಿ ಪ್ರತಿ ಚಿಹ್ನೆಗೂ ತಲೆ ಎತ್ತಿ, ಬೆರಳಿಟ್ಟು ಹುಡುಕಿ, ಮತ್ತೆ ತಾನು ತುಂಬುತ್ತಿದ್ದ ಚೌಕವನ್ನು ಹುಡುಕಿಕೊಂಡು ಬಂದು ಬರೆಯುತ್ತಿದ್ದಳು. ಸಮಯ ಮುಗಿದಾಗ ಅವಳು ತುಂಬಿದ್ದ ಒಂದು ಚೌಕವೂ ತಪ್ಪಿರಲಿಲ್ಲ, ಆದರೆ ಓರಗೆಯವರು ತುಂಬುವುದರ ಅರ್ಧದಷ್ಟೇ ತುಂಬಿದ್ದಳು. ಅದೇ ಹುಡುಗಿ ಶಬ್ದಗಳ ಅರ್ಥ ಹೇಳುವ ಪರೀಕ್ಷೆಯಲ್ಲಿ, ಅಲ್ಲಿ ಗಡಿಯಾರದ ಹಂಗಿಲ್ಲದ ಕಾರಣ, ತನ್ನ ವಯಸ್ಸಿಗೆ ಮೀರಿದ ಉತ್ತರಗಳನ್ನು ಕೊಟ್ಟಳು. ತಿಳಿವಳಿಕೆಗೂ ವೇಗಕ್ಕೂ ನಡುವಿನ ಈ ಅಂತರವೇ ನಿಮ್ಮ ಮಗನಲ್ಲೂ ಇರಬಹುದು. ತರಗತಿಯಲ್ಲಿ ಇದು ಹೇಗೆ ಕಾಣುತ್ತದೆ ನೋಡಿ: ಉಳಿದವರು ಬೋರ್ಡಿನ ಒಂದು ವಾಕ್ಯವನ್ನು ಒಂದೇ ನೋಟಕ್ಕೆ ಹಿಡಿದು ಬರೆದರೆ ಇವನು ಎರಡೆರಡು ಪದಕ್ಕೆ ತಲೆ ಎತ್ತುತ್ತಾನೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಬೋರ್ಡ್ ಒರೆಸಿರುತ್ತದೆ. 47ಕ್ಕೆ 38 ಕೂಡಿಸು ಎಂದರೆ ಏಳು ಎಂಟು ಹದಿನೈದು, ಐದು ಬರೆದು ಕೈಲಿ ಒಂದು ಎನ್ನುವವರೆಗೆ ಸರಿಯಾಗಿಯೇ ಬರುತ್ತಾನೆ. ನಾಲ್ಕು ಮೂರು ಕೂಡಿಸುವ ಹೊತ್ತಿಗೆ ಕೈಲಿದ್ದ ಆ ಒಂದು ಜಾರಿಹೋಗಿರುತ್ತದೆ. ಉತ್ತರ 75 ಎಂದು ಬರೆದ ಹುಡುಗನಿಗೆ ಕೂಡುವುದು ಬರುವುದಿಲ್ಲ ಎಂದು ಶಿಕ್ಷಕರು ತಿಳಿಯುತ್ತಾರೆ, ಅವನಿಗೆ ಕೂಡುವುದು ಬರುತ್ತದೆ.

ಇದಕ್ಕೆ ಕಾರಣವಾಗಬಹುದಾದ ಆ ಚಿಕಿತ್ಸೆಯನ್ನು ಕೊಡಲೇಬೇಕಿತ್ತೇ ಎಂದು ನೀವು ಬಾಯಿಬಿಟ್ಟು ಕೇಳಿಲ್ಲ, ಆದರೆ ಹೆಚ್ಚಿನ ತಾಯಿತಂದೆಯರ ಮನಸ್ಸಿನಲ್ಲಿ ಆ ಪ್ರಶ್ನೆ ಇದ್ದೇ ಇರುತ್ತದೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1948ರಲ್ಲಿ ಬೋಸ್ಟನ್ನಿನ ಸಿಡ್ನಿ ಫಾರ್ಬರ್ ಅವರು ಅಮಿನೋಪ್ಟೆರಿನ್ ಎಂಬ ಔಷಧದಿಂದ ಮಕ್ಕಳ ಲುಕೇಮಿಯಾ ತಾತ್ಕಾಲಿಕವಾಗಿ ಹಿಮ್ಮೆಟ್ಟುವುದನ್ನು ತೋರಿಸಿದರು. ಮುಂದಿನ ವರ್ಷಗಳಲ್ಲಿ ಔಷಧಗಳು ಹೆಚ್ಚಿದವು, ರಕ್ತವೂ ಅಸ್ಥಿಮಜ್ಜೆಯೂ ಶುದ್ಧವಾಗತೊಡಗಿದವು. ಆದರೆ ಹಾಗೆ ಚೇತರಿಸಿಕೊಂಡ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರೋಗವು ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ದ್ರವದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. ರಕ್ತದಿಂದ ಮಿದುಳಿಗೆ ಬೇಡದ ವಸ್ತುಗಳು ದಾಟದಂತೆ ನಿಸರ್ಗವೇ ಒಂದು ತಡೆ ಕಟ್ಟಿದೆ, ಆ ತಡೆ ಔಷಧಗಳನ್ನೂ ತಡೆಯುತ್ತದೆ, ಅದರ ಮರೆಯಲ್ಲಿ ಲುಕೇಮಿಯಾ ಕೋಶಗಳು ಬದುಕಿ ಉಳಿಯುತ್ತವೆ. ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ ಮತ್ತು ಅವರ ಸಂಗಡಿಗರು 1960ರ ದಶಕದ ಕೊನೆಯಲ್ಲಿ ತಲೆಗೆ 24 ಗ್ರೇ (ಗ್ರೇ ಎಂದರೆ ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣವನ್ನೂ ಬೆನ್ನಿನ ಮೂಲಕ ಮೆಥೊಟ್ರೆಕ್ಸೇಟ್ ಔಷಧವನ್ನೂ ಸೇರಿಸಿ ಕೊಟ್ಟಾಗ, ಅದುವರೆಗೆ ಬಹುತೇಕ ಎಲ್ಲ ಮಕ್ಕಳನ್ನೂ ಬಲಿ ತೆಗೆದುಕೊಳ್ಳುತ್ತಿದ್ದ ಕಾಯಿಲೆಯಿಂದ ಅರ್ಧದಷ್ಟು ಮಕ್ಕಳು ಬದುಕಿ ಉಳಿದರು.

ಆ ವಿಕಿರಣಕ್ಕೆ ತೆರಬೇಕಾದ ಬೆಲೆ ಗೊತ್ತಾದದ್ದು ಆ ಮಕ್ಕಳು ಶಾಲೆಗೆ ಹೋದಮೇಲೆ. ಅನಂತರದ ದಶಕಗಳ ಸಂಶೋಧನೆಯ ದೊಡ್ಡ ಭಾಗ ಆ ಬೆಲೆಯನ್ನು ಇಳಿಸುವುದಕ್ಕೇ ಮೀಸಲಾಯಿತು: 24 ಗ್ರೇ 18ಕ್ಕೆ ಇಳಿಯಿತು, ಬಳಿಕ 12ಕ್ಕೆ, ಬೆನ್ನಿನ ಇಂಜೆಕ್ಷನ್ ಮತ್ತು ರಕ್ತನಾಳದ ಮೂಲಕ ಕೊಡುವ ಔಷಧಗಳನ್ನು ಹೆಚ್ಚು ನಿಖರವಾಗಿ ಬಳಸಿದರೆ ತಲೆಗೆ ವಿಕಿರಣವೇ ಬೇಕಿಲ್ಲ ಎಂಬುದನ್ನು ಅದೇ ಸೇಂಟ್ ಜೂಡ್ ಆಸ್ಪತ್ರೆಯ ತಂಡ 2009ರಲ್ಲಿ ತೋರಿಸಿತು. ನಿಮ್ಮ ಮಗನಿಗೆ ವಿಕಿರಣ ಕೊಡದೆ ಚಿಕಿತ್ಸೆ ಮುಗಿಸಲು ಸಾಧ್ಯವಾದದ್ದು ಈ ದಾರಿಯಿಂದ. ಬೆನ್ನಿನ ಆ ಇಂಜೆಕ್ಷನ್‌ಗಳನ್ನೂ ಬಿಟ್ಟಿದ್ದರೆ ರೋಗ ಮಿದುಳಿನಲ್ಲಿ ಮರುಕಳಿಸುವ ಅಪಾಯ ದೊಡ್ಡದಾಗಿತ್ತು, ಹಾಗೆ ಮರುಕಳಿಸಿದ ಮಗುವಿಗೆ ಅದಕ್ಕಿಂತ ಹಲವು ಪಟ್ಟು ಉಗ್ರ ಚಿಕಿತ್ಸೆ ಬೇಕಾಗುತ್ತಿತ್ತು. ನೀವು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ ದಿನ ಸರಿಯಾದುದನ್ನೇ ಮಾಡಿದಿರಿ.

ವಿಕಿರಣ ಇಲ್ಲದಿದ್ದರೂ ತೊಂದರೆ ಪೂರ್ತಿ ಮಾಯವಾಗಲಿಲ್ಲ, ಹಗುರವಾಯಿತು. ಮಿದುಳಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸುದ್ದಿ ಒಯ್ಯುವ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆ ಚೆನ್ನಾಗಿದ್ದರೆ ಸುದ್ದಿ ವೇಗವಾಗಿ ಓಡುತ್ತದೆ, ತೆಳುವಾಗಿದ್ದರೆ ತಡವಾಗುತ್ತದೆ. ಈ ಹೊದಿಕೆ ಹುಟ್ಟುವಾಗಲೇ ಸಿದ್ಧವಾಗಿರುವುದಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಭರದಿಂದ ಬೆಳೆದು, ಹಣೆಯ ಹಿಂದಿನ ಭಾಗದಲ್ಲಿ ಇಪ್ಪತ್ತರ ಹರೆಯದವರೆಗೂ ಬೆಳೆಯುತ್ತಲೇ ಇರುತ್ತದೆ. ಗಮನ, ಯೋಜನೆ, ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ ಹೆಚ್ಚಾಗಿ ಆ ಭಾಗದ ಕೆಲಸ. ಮೆಥೊಟ್ರೆಕ್ಸೇಟ್ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವುದು ಫೋಲೇಟ್ ಎಂಬ ಜೀವಸತ್ವದ ಬಳಕೆಗೆ ಅಡ್ಡ ಬರುವ ಮೂಲಕ. ಮಯಲಿನ್ ಕಟ್ಟುವುದಕ್ಕೂ ಕಾಯ್ದುಕೊಳ್ಳುವುದಕ್ಕೂ ಅದೇ ಫೋಲೇಟ್ ಬೇಕು. ಅದೇ ಹೊತ್ತಿಗೆ ಹೋಮೊಸಿಸ್ಟೀನ್ ಎಂಬ, ನರಗಳಿಗೂ ಸಣ್ಣ ರಕ್ತನಾಳಗಳಿಗೂ ಒಗ್ಗದ ವಸ್ತು ಹೆಚ್ಚಾಗುತ್ತದೆ. ಹೀಗಾಗಿ ಚಿಕಿತ್ಸೆಯ ಕಾಲದಲ್ಲಿ ಮಗು ಚಿಕ್ಕದಾಗಿದ್ದಷ್ಟೂ ಅಪಾಯ ಹೆಚ್ಚು. ಹುಡುಗಿಯರಲ್ಲಿ, ಅದರಲ್ಲೂ ವಿಕಿರಣ ಪಡೆದವರಲ್ಲಿ, ಪರಿಣಾಮ ಹೆಚ್ಚೆಂದು ಹಲವು ಅಧ್ಯಯನಗಳು ಕಂಡುಕೊಂಡಿವೆ. ಆದರೂ ಕೀಮೋಥೆರಪಿ ಮಾತ್ರ ಪಡೆದ ಮಕ್ಕಳಲ್ಲಿ ಬಹುಪಾಲು ಮಂದಿಯ ಐಕ್ಯೂ ಸಾಮಾನ್ಯ ವ್ಯಾಪ್ತಿಯಲ್ಲಿಯೇ ಇರುತ್ತದೆ ಎಂಬುದನ್ನು ಒತ್ತಿ ಹೇಳುತ್ತೇನೆ. ತೊಂದರೆ ಇರುವವರಲ್ಲಿಯೂ ಅದು ಒಟ್ಟು ಬುದ್ಧಿಯನ್ನು ಆವರಿಸುವುದಿಲ್ಲ, ಕೆಲವು ನಿರ್ದಿಷ್ಟ ಶಕ್ತಿಗಳಿಗೆ ಸೀಮಿತವಾಗಿರುತ್ತದೆ.

ಮೂರನೇ ತರಗತಿಯವರೆಗೆ ಚೆನ್ನಾಗಿದ್ದವನು ಈಗೇಕೆ ಹೀಗೆ? ಇದನ್ನು ಕೇಳದ ತಾಯಿಯನ್ನು ನಾನು ಕಂಡಿಲ್ಲ, ಮಿದುಳಿನಲ್ಲಿ ಹೊಸದಾಗಿ ಏನೋ ಕೆಡುತ್ತಿದೆ ಎಂಬ ಭಯ ಆ ಪ್ರಶ್ನೆಯ ಹಿಂದೆ ಇರುತ್ತದೆ. ಮೊದಲ ತರಗತಿಗಳಲ್ಲಿ ಶಿಕ್ಷಕರು ಒಂದು ಸಲಕ್ಕೆ ಒಂದು ಕೆಲಸ ಹೇಳುತ್ತಾರೆ, ಮತ್ತೆ ಮತ್ತೆ ಹೇಳುತ್ತಾರೆ, ಓದುವುದು ಬರೆಯುವುದು ಕಂಠಪಾಠ ಇಷ್ಟರಲ್ಲೇ ವರ್ಷ ಕಳೆಯುತ್ತದೆ. ನಾಲ್ಕನೆಯ ಐದನೆಯ ತರಗತಿಗೆ ಬಂದಮೇಲೆ ಪಾಠವನ್ನು ಓದಿ ತಾನೇ ಸಾರ ಹಿಡಿಯಬೇಕು, ಹಲವು ಹಂತಗಳ ಲೆಕ್ಕ ಮಾಡಬೇಕು, ಕೇಳುತ್ತಲೇ ಬರೆದುಕೊಳ್ಳಬೇಕು, ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂದು ತಾನೇ ನಿರ್ಧರಿಸಬೇಕು. ಯಾವ ಶಕ್ತಿಗಳಿಗೆ ಪೆಟ್ಟಾಗಿತ್ತೋ ಅವನ್ನೇ ಶಾಲೆ ಈಗ ಮೊದಲ ಬಾರಿಗೆ ಕೇಳುತ್ತಿದೆ. ಹಳೆಯ ಕೊರತೆಯ ಮೇಲೆ ಹೊಸ ಹೊರೆ ಬಿದ್ದಿದೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು, ಏಕೆಂದರೆ ವರದಿಗಳಲ್ಲಿ ಐಕ್ಯೂ ಇಳಿದಿದೆ ಎಂಬ ವಾಕ್ಯ ಕಂಡು ಕಂಗಾಲಾಗುವವರು ಬಹಳ. ಐಕ್ಯೂ ಎಂಬುದು ಓರಗೆಯವರೊಂದಿಗಿನ ಹೋಲಿಕೆ. ಆ ವಯಸ್ಸಿನ ಸರಾಸರಿಯನ್ನು 100 ಎಂದು ಇಟ್ಟುಕೊಂಡು ಲೆಕ್ಕ ಹಾಕುತ್ತಾರೆ. ಇಡೀ ಮಿದುಳಿಗೂ ಬೆನ್ನುಹುರಿಗೂ ವಿಕಿರಣ ಪಡೆದ ಮೆಡುಲೋಬ್ಲಾಸ್ಟೋಮಾ ಎಂಬ ಮಿದುಳಿನ ಗೆಡ್ಡೆಯ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಐಕ್ಯೂ ವರ್ಷಕ್ಕೆ ಎರಡರಿಂದ ನಾಲ್ಕು ಅಂಕದಷ್ಟು ಇಳಿಯುತ್ತಿದ್ದುದು ಕಂಡಿತು. ಆದರೆ ಅವರ ಮೂಲ ಅಂಕಗಳನ್ನು, ಅಂದರೆ ಎಷ್ಟು ಪ್ರಶ್ನೆಗೆ ಸರಿಯುತ್ತರ ಕೊಟ್ಟರು ಎಂಬುದನ್ನು, ನೋಡಿದಾಗ ಅವು ಇಳಿದಿರಲಿಲ್ಲ, ನಿಧಾನವಾಗಿ ಏರುತ್ತಿದ್ದವು. ಆ ಮಕ್ಕಳು ಕಲಿತದ್ದನ್ನು ಕಳೆದುಕೊಳ್ಳುತ್ತಿರಲಿಲ್ಲ. ಹೊಸದನ್ನು ಗಳಿಸುವ ವೇಗ ಓರಗೆಯವರಿಗಿಂತ ಕಡಿಮೆಯಾದ್ದರಿಂದ ಅಂತರ ವರ್ಷವರ್ಷಕ್ಕೆ ಹಿಗ್ಗುತ್ತಿತ್ತು. ನಿಮ್ಮ ಮಗನ ಸ್ಥಿತಿ ಅಷ್ಟು ತೀವ್ರವಲ್ಲ, ಅವನಿಗೆ ವಿಕಿರಣ ಬಿದ್ದಿಲ್ಲ. ಆದರೂ ತತ್ವ ಅದೇ. ಮೊದಲು ಬರುತ್ತಿದ್ದದ್ದು ಈಗ ನಿಜಕ್ಕೂ ಬಾರದಾಗಿದ್ದರೆ, ಉದಾಹರಣೆಗೆ ಸರಾಗವಾಗಿ ಓದುತ್ತಿದ್ದವನು ಓದಲಾರದೆ ಹೋದರೆ, ನಡಿಗೆ ತಪ್ಪಿದರೆ, ತಲೆನೋವು ವಾಂತಿ ಶುರುವಾದರೆ, ಅದನ್ನು ಚಿಕಿತ್ಸೆಯ ದೀರ್ಘಕಾಲದ ಪರಿಣಾಮ ಎಂದುಕೊಂಡು ಕೂರದೆ ತಕ್ಷಣ ಅವನ ವೈದ್ಯರಿಗೆ ತೋರಿಸಬೇಕು.

ಈಗ ಬೇರೆ ಕಾರಣಗಳ ಮಾತು. ರಕ್ತಹೀನತೆ, ಥೈರಾಯ್ಡ್ ಕೊರತೆ, ದೃಷ್ಟಿದೋಷ ಇವುಗಳ ಪರೀಕ್ಷೆ ಸುಲಭ, ಮೊದಲು ಮುಗಿಸಿಬಿಡಿ. ನಿದ್ದೆಯ ಬಗ್ಗೆ ಸ್ವಲ್ಪ ಹೆಚ್ಚು ಗಮನ ಬೇಕು: ಗುಣಮುಖರಾದ ಮಕ್ಕಳಲ್ಲಿ ನಿದ್ದೆ ಕೆಡುವುದೂ ದಣಿವು ಉಳಿದುಕೊಳ್ಳುವುದೂ ಸಾಮಾನ್ಯ, ಸರಿಯಾಗಿ ನಿದ್ದೆ ಮಾಡದ ಮಗುವಿನ ಗಮನ ಚಿಕಿತ್ಸೆಯಿಂದ ಕೆಟ್ಟ ಗಮನದಂತೆಯೇ ಕಾಣುತ್ತದೆ. ಅವನಿಗೆ ಕೊಟ್ಟ ಔಷಧಗಳಲ್ಲಿ ವಿನ್‌ಕ್ರಿಸ್ಟಿನ್ ಇದ್ದೇ ಇರುತ್ತದೆ. ಅದು ಕೈಕಾಲುಗಳ ನರಗಳನ್ನು ದುರ್ಬಲಗೊಳಿಸುವುದರಿಂದ ಕೆಲವು ಮಕ್ಕಳಿಗೆ ಪೆನ್ಸಿಲ್ ಹಿಡಿದು ಬರೆಯುವುದೇ ಶ್ರಮವಾಗುತ್ತದೆ. ಅಂಥ ಮಗು ಬೋರ್ಡಿನಿಂದ ಬರೆದುಕೊಳ್ಳಲು ತಡಮಾಡಿದರೆ ಅದರ ಕಾರಣ ಬೆರಳಿನಲ್ಲಿರಬಹುದು. ಅವನಿಂದ ಒಂದು ಪುಟ ಬಾಯಿಯಲ್ಲಿ ಹೇಳಿಸಿ, ಅದೇ ಪುಟವನ್ನು ಬರೆಸಿ ನೋಡಿದರೆ ನಿಮಗೇ ಅರ್ಧ ಉತ್ತರ ಸಿಗುತ್ತದೆ. ಕಾಯಿಲೆಯ ಕಾಲದಲ್ಲಿ ಶಾಲೆ ತಪ್ಪಿದ್ದರಿಂದ ಅಕ್ಷರ ಅಂಕಿಗಳ ಬುನಾದಿಯಲ್ಲಿ ಉಳಿದುಹೋದ ಬಿರುಕುಗಳು, ಮತ್ತೆ ಕಾಯಿಲೆ ಬಂದೀತೆಂಬ ಒಳಗಿನ ಅಂಜಿಕೆ, ಮನಸ್ಸಿನ ಕುಗ್ಗುವಿಕೆ ಇವೂ ಓದನ್ನು ಎಳೆಯುತ್ತವೆ. ಬೇರೆ ಕ್ಯಾನ್ಸರ್‌ಗಳಿಗೆ ಸಿಸ್‌ಪ್ಲಾಟಿನ್ ಎಂಬ ಔಷಧ ಪಡೆದ ಮಕ್ಕಳ ಪೋಷಕರೂ ಇದನ್ನು ಓದುತ್ತಿರಬಹುದು. ಅವರಿಗೆ ಒಂದು ಮಾತು. ಆ ಔಷಧ ಮೊದಲು ಕೆಡಿಸುವುದು ಎತ್ತರದ ಶ್ರುತಿಯ ಧ್ವನಿಗಳ ಶ್ರವಣವನ್ನು. ಸ, ಶ, ತ, ಕ ಇಂಥ ವ್ಯಂಜನಗಳ ವ್ಯತ್ಯಾಸ ಕೇಳಿಸುವುದು ಆ ಧ್ವನಿಗಳಲ್ಲಿಯೇ. ಮಗು ಕರೆದರೆ ತಿರುಗುತ್ತದೆ, ಮಾತನಾಡುತ್ತದೆ, ಹಾಗಾಗಿ ಕಿವಿ ಸರಿಯಿದೆ ಎಂದು ಎಲ್ಲರೂ ನಂಬುತ್ತಾರೆ; ತರಗತಿಯ ಗದ್ದಲದಲ್ಲಿ ಮಾತ್ರ ಅದಕ್ಕೆ ಕಲೆಯೂ ತಲೆಯೂ ಒಂದೇ ಆಗಿ ಕೇಳಿಸುತ್ತಿರುತ್ತದೆ.

ಇಷ್ಟಾದಮೇಲೆ ಬೇಕಾಗಿರುವುದು ನ್ಯೂರೋಸೈಕಾಲಜಿ ಪರೀಕ್ಷೆ, ಅಂದರೆ ಮಿದುಳಿನ ಬೇರೆ ಬೇರೆ ಶಕ್ತಿಗಳನ್ನು ಅಳೆಯುವ ಪರೀಕ್ಷೆ. ಸಾಮಾನ್ಯ ಐಕ್ಯೂ ಪರೀಕ್ಷೆಯ ಒಂದು ಅಂಕ ಇಲ್ಲಿ ಸಾಲದು, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ; ಒಳ್ಳೆಯ ಶಬ್ದಜ್ಞಾನವೂ ಕಡಿಮೆ ವೇಗವೂ ಸೇರಿ ಸರಾಸರಿಯಾಗಿ 95 ಎಂದು ಬಂದರೆ ಮಗುವಿಗೆ ಏನೂ ತೊಂದರೆಯಿಲ್ಲ ಎಂದು ಕಳಿಸಿಬಿಡುತ್ತಾರೆ. ಗಮನ, ವಿಷಯವನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ನೆನಪು (ವರ್ಕಿಂಗ್ ಮೆಮೊರಿ), ವೇಗ, ಯೋಜನೆ, ಬರೆಯುವ ಕೈಯ ಚುರುಕು, ಓದು ಮತ್ತು ಗಣಿತ ಇವನ್ನು ಬೇರೆ ಬೇರೆಯಾಗಿ ಅಳೆಯುವಂತೆ ಕೇಳಿ. ಮಿದುಳಿಗೆ ಪೆಟ್ಟು ಕೊಡಬಲ್ಲ ಚಿಕಿತ್ಸೆ ಪಡೆದ ಎಲ್ಲ ಮಕ್ಕಳಿಗೂ ದೀರ್ಘಕಾಲದ ಅನುಸರಣೆ ಆರಂಭವಾಗುವಾಗ ಒಮ್ಮೆ, ಬಳಿಕ ಅಗತ್ಯ ಕಂಡಾಗಲೆಲ್ಲ ಈ ಪರೀಕ್ಷೆ ಆಗಬೇಕೆಂದು ಮಕ್ಕಳ ಕ್ಯಾನ್ಸರ್ ತಜ್ಞರ ಸಂಘಟನೆಯಾದ ಚಿಲ್ಡ್ರನ್ಸ್ ಆಂಕಾಲಜಿ ಗ್ರೂಪ್‌ನ ಮಾರ್ಗಸೂಚಿ ಹೇಳುತ್ತದೆ. ನನ್ನ ಅಭಿಪ್ರಾಯದಲ್ಲಿ ಪ್ರಾಥಮಿಕದಿಂದ ಪ್ರೌಢಶಾಲೆಗೆ ಹೋಗುವ ಮುನ್ನ ಒಮ್ಮೆ ಮಾಡಿಸುವುದು ಬಹಳ ಉಪಯುಕ್ತ, ಏಕೆಂದರೆ ಹೊರೆ ಏರುವುದು ಆಗಲೇ. ಅವನಿಗೆ ಕೊಟ್ಟ ಔಷಧಗಳ ಹೆಸರು, ಒಟ್ಟು ಪ್ರಮಾಣ ಮತ್ತು ಬೆನ್ನಿನ ಇಂಜೆಕ್ಷನ್‌ಗಳ ಸಂಖ್ಯೆಯನ್ನು ಆಸ್ಪತ್ರೆಯಿಂದ ಬರೆಸಿಕೊಂಡು ಪರೀಕ್ಷೆ ಮಾಡುವವರಿಗೆ ಕೊಡಿ.

ವರದಿ ಕೈಗೆ ಬಂದಮೇಲೆ ಶಾಲೆಯೊಂದಿಗೆ ಮಾತು. ಶಿಕ್ಷಕರಲ್ಲಿ ನಾನು ಮೊದಲು ಕೇಳಿಕೊಳ್ಳುವುದು ಎರಡನ್ನು: ಪರೀಕ್ಷೆಗೆ ಹೆಚ್ಚುವರಿ ಸಮಯ, ಮತ್ತು ಬೋರ್ಡಿನ ಬರಹವನ್ನು ಅಚ್ಚು ಹಾಕಿಸಿಯೋ ಫೋಟೋ ತೆಗೆದೋ ಕೊಡುವುದು. ಇವೆರಡರಿಂದಲೇ ಅನೇಕ ಮಕ್ಕಳ ಮುಖ ಬದಲಾಗುವುದನ್ನು ಕಂಡಿದ್ದೇನೆ. ಇದು ಅವನಿಗೆ ತೋರಿಸುವ ರಿಯಾಯಿತಿ ಎಂದು ಯಾರಾದರೂ ಆಕ್ಷೇಪಿಸಿದರೆ, ಇತಿಹಾಸದ ಪರೀಕ್ಷೆ ಇತಿಹಾಸದ ತಿಳಿವಳಿಕೆಯನ್ನು ಅಳೆಯಬೇಕೋ ಬರೆಯುವ ವೇಗವನ್ನೋ ಎಂದು ಕೇಳಿ. ಇಪ್ಪತ್ತು ಲೆಕ್ಕಗಳ ಮನೆಗೆಲಸದಲ್ಲಿ ಹತ್ತು ಮಾಡಿದರೆ ಸಾಕು ಎನ್ನುವುದು, ಮೌಖಿಕ ಸೂಚನೆಯನ್ನು ಒಂದೊಂದಾಗಿ ಕೊಡುವುದು, ಕಿಟಕಿ ಬಾಗಿಲಿನಿಂದ ದೂರ ಮುಂದಿನ ಸಾಲಿನಲ್ಲಿ ಕೂರಿಸುವುದು ಇವು ಖರ್ಚಿಲ್ಲದ ಏರ್ಪಾಡುಗಳು. ಮನೆಯಲ್ಲಿ ಲೆಕ್ಕ ಮಾಡುವಾಗ ಕೈಲಿ ಒಂದು ಎನ್ನುವುದನ್ನು ಬಾಯಲ್ಲಿ ಹೇಳಿ ಮುಂದೆ ಹೋಗದೆ ಪಕ್ಕದಲ್ಲಿ ಸಣ್ಣದಾಗಿ ಬರೆದುಕೊಳ್ಳುವ ಅಭ್ಯಾಸ ಮಾಡಿಸಿ. ಮನಸ್ಸಿನಲ್ಲಿ ಹಿಡಿಯಲಾಗದ್ದನ್ನು ಕಾಗದ ಹಿಡಿಯಲಿ. ಕೆಲಸಗಳ ಪಟ್ಟಿ, ಕೋಣೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿ ಇವೂ ಅದೇ ಕೆಲಸ ಮಾಡುತ್ತವೆ.

ಔಷಧ ಇಲ್ಲವೇ ಎಂದು ನೀವು ಕೇಳಬಹುದು. ಗಮನದ ತೊಂದರೆ ಪರೀಕ್ಷೆಯಲ್ಲಿ ಖಚಿತವಾದ ಮಕ್ಕಳಿಗೆ ಮೀಥೈಲ್‌ಫೆನಿಡೇಟ್ ಸ್ವಲ್ಪಮಟ್ಟಿಗೆ ಸಹಾಯ ಮಾಡುತ್ತದೆ ಎಂಬುದು ಲುಕೇಮಿಯಾ ಮತ್ತು ಮಿದುಳಿನ ಗೆಡ್ಡೆಯಿಂದ ಗುಣಮುಖರಾದ ಮಕ್ಕಳಲ್ಲಿಯೇ ನಡೆದ ಪ್ರಯೋಗಗಳಲ್ಲಿ ಕಂಡಿದೆ. ಹಸಿವು, ನಿದ್ದೆ, ಬೆಳವಣಿಗೆಯ ಮೇಲೆ ಅದರ ಪರಿಣಾಮ ಇರುವುದರಿಂದ ತಜ್ಞರ ನಿಗಾದಲ್ಲಿ ಮಾತ್ರ ಕೊಡಬೇಕು. ಕಂಪ್ಯೂಟರ್ ಮೇಲೆ ವಾರಗಟ್ಟಲೆ ಮಾಡಿಸುವ ನೆನಪಿನ ತರಬೇತಿಯಿಂದ ಅಂಥ ಪರೀಕ್ಷೆಗಳ ಅಂಕ ಏರುತ್ತದೆ, ಆದರೆ ಆ ಲಾಭ ಶಾಲೆಯ ಅಂಕಪಟ್ಟಿಯವರೆಗೆ ಬರುತ್ತದೆಂದು ಭರವಸೆ ಕೊಡಲಾರೆ. ಉಸಿರು ಏರುವಂತೆ ಆಡುವುದು, ಓಡುವುದು, ಈಜುವುದು ಇವುಗಳನ್ನು ಮಾತ್ರ ಮನಸಾರೆ ಶಿಫಾರಸು ಮಾಡುತ್ತೇನೆ: ವಿಕಿರಣ ಪಡೆದ ಮಕ್ಕಳಲ್ಲಿ ಕೆಲವು ತಿಂಗಳ ಕ್ರಮಬದ್ಧ ವ್ಯಾಯಾಮದ ನಂತರ ಮಿದುಳಿನ ಸ್ಕ್ಯಾನ್‌ನಲ್ಲಿಯೇ ಒಳ್ಳೆಯ ಬದಲಾವಣೆಗಳು ಕಂಡಿವೆ, ನಿದ್ದೆಯೂ ಮನಸ್ಸೂ ಸುಧಾರಿಸುವುದು ಬೇರೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನು ಮಿದುಳಿನ ದುರಸ್ತಿಗಾಗಿ ಪ್ರಯತ್ನಿಸಿದ ಒಂದು ಸಣ್ಣ ಪ್ರಯೋಗವನ್ನು ಟೊರಾಂಟೊದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಅದು ಆಸೆ ಹುಟ್ಟಿಸುವ ಆರಂಭ ಅಷ್ಟೇ. ಸುದ್ದಿ ಓದಿ ಮಗುವಿಗೆ ಆ ಮಾತ್ರೆ ಕೊಡುವ ಸಾಹಸ ಬೇಡ. ನೆನಪು ಹೆಚ್ಚಿಸುತ್ತದೆಂದು ಮಾರುವ ಟಾನಿಕ್‌ಗಳಿಗೂ ಇದೇ ಮಾತು.

ನಿಮ್ಮ ಎರಡನೇ ಪ್ರಶ್ನೆ ಉಳಿದಿದೆ, ಇದು ಹೆಚ್ಚಾಗುತ್ತದೆಯೇ. ವಿಕಿರಣವಿಲ್ಲದೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಒಟ್ಟು ಬುದ್ಧಿಮಟ್ಟ ಸಾಮಾನ್ಯವಾಗಿ ಸ್ಥಿರವಾಗಿ ಉಳಿಯುತ್ತದೆ. ವೇಗ ಮತ್ತು ಗಮನದ ಕೊರತೆ ಕೆಲವರಲ್ಲಿ ದೊಡ್ಡವರಾದಮೇಲೂ ಉಳಿದುಕೊಳ್ಳುತ್ತದೆ, ತರಗತಿ ಬದಲಾದಾಗ, ಕಾಲೇಜಿಗೆ ಹೋದಾಗ, ಕೆಲಸಕ್ಕೆ ಸೇರಿದಾಗ ಮತ್ತೆ ತಲೆ ಎತ್ತುತ್ತದೆ. ಆಗ ಅದಕ್ಕೆ ಹೆಸರೂ ವರದಿಯೂ ಕೈಯಲ್ಲಿದ್ದರೆ ಅವನು ತನಗೇನು ಬೇಕೆಂದು ತಾನೇ ಕೇಳಬಲ್ಲ.

ಕೊನೆಯದಾಗಿ, ಇದೆಲ್ಲವನ್ನೂ ಅವನಿಗೇ ಹೇಳಿ. 11 ವರ್ಷದ ಹುಡುಗ ತಾನು ದಡ್ಡ ಎಂಬ ತೀರ್ಮಾನಕ್ಕೆ ಈಗಾಗಲೇ ಬಂದಿರುವ ಸಾಧ್ಯತೆ ಹೆಚ್ಚು, ನಾವು ಹೇಳದಿದ್ದರೆ ಅವನಿಗೆ ಸಿಗುವ ವಿವರಣೆ ಅದೊಂದೇ. ಅವನು ದಣಿಯದಿರುವ ಒಂದು ಹೊತ್ತಿನಲ್ಲಿ, ಓದಿನ ಪುಸ್ತಕ ಎದುರಿಗಿಲ್ಲದಾಗ, ಚಿಕ್ಕವನಿದ್ದಾಗ ಕಾಯಿಲೆ ಹೋಗಿಸಲು ಬಲವಾದ ಔಷಧ ಕೊಟ್ಟರು, ಅದರಿಂದ ನಿನ್ನ ಮಿದುಳು ಕೆಲವು ಕೆಲಸಗಳಿಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿರಬಹುದು, ಅದನ್ನು ಸರಿಯಾಗಿ ತಿಳಿಯಲು ಒಬ್ಬರ ಹತ್ತಿರ ಹೋಗೋಣ ಎಂದು ಇಷ್ಟನ್ನೇ ಹೇಳಿ. ನಂತರ ಅವನು ಕೇಳುವ ಪ್ರಶ್ನೆಗಳಿಗೆ ಕಾಯಿರಿ. ಉತ್ತರ ಬರಲು ತಡವಾದರೆ ಅವನ ಪರವಾಗಿ ನೀವು ವಾಕ್ಯ ಮುಗಿಸಬೇಡಿ.